ಪೆಟ್ಟಿಗೆಯ ಒಳಮೈ

ಹುಳು ತಿಂದ ಹಲಗೆಗೆ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದ ಬಡಗಿಯ ಕೈ ಅಲ್ಲೇ ನಿಂತಿತು. ಸತ್ತವರ ಪೆಟ್ಟಿಗೆ ಮಾಡುವ ಅವನಿಗೆ ಮೊದಲಿಂದ ಒಂದು ಧೈರ್ಯವಿತ್ತು: ಯಾವ ಗಿರಾಕಿಯೂ ವಾಪಸು ಬಂದು ಜಗಳವಾಡುವುದಿಲ್ಲ. ಇವತ್ತಿನ ಪೆಟ್ಟಿಗೆ ಅತ್ತೆಯದು. ಬದುಕಿರುವ ತನಕ ಅವನ ಕೆಲಸದಲ್ಲಿ ಕೊಂಕು ತೆಗೆದಾಕೆ. ಆದರೆ ಈಸ್ಟರ್ ದಿನ ಪಾದ್ರಿ ಹೇಳಿದ್ದು ಈಗಷ್ಟೇ ತಲೆಗಿಳಿಯಿತು: ಕ್ರಿಸ್ತ ಎದ್ದಂತೆ ಎಲ್ಲರೂ ಏಳುತ್ತಾರೆ.

"ಎಲ್ಲರೂ ಅಂದ್ರೆ ಅತ್ತೇನೂ!" ಎಂದು ಬೆವರೊರೆಸಿಕೊಂಡ.

ತನ್ನ ಮಂಚಕ್ಕೆಂದು ಇಟ್ಟಿದ್ದ ಒಳ್ಳೆಯ ಹಲಗೆಗಳನ್ನೇ ಎಳೆದು ತಂದ. ಪೆಟ್ಟಿಗೆಯ ಒಳಮೈಗೂ ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದಾಗ, ಅತ್ತು ಕಣ್ಣು ಊದಿದ್ದ ಹೆಂಡತಿ ಬಂದು ನೋಡಿದಳು.

"ಅಮ್ಮನ ಬಾಯಿಗೆ ಇನ್ನೂ ಹೆದರ್ತೀರಾ?"

"ಮೊದಲು ಹೆದರಿಕೇನೇ ಇತ್ತು ಕಣೇ," ಎಂದ ಅವನು ಉಜ್ಜುತ್ತಲೇ. "ಈಗ ಹಾಗಲ್ಲ. ಎದ್ದು ಕೂರೋವಾಗ ಇಲ್ಲೇ ಕೈ ಊರ್ತಾರಲ್ಲ, ಸಿಬಿರು ಚುಚ್ಚಬಾರದು."