ಮಾಳಿಗೆಯ ಬಿಸಿಲು

ಎಂಬತ್ತು ದಾಟಿದವರ ಮೈ ಹಗುರಾಗಿ ಗಾಳಿಯಲ್ಲಿ ಮೇಲೇಳುವುದು ಆ ಊರಿಗೇನೂ ಹೊಸದಲ್ಲ. ಶಿವಲೀಲಾಳ ತಾಯಿ ಗುರುಬಸವ್ವನನ್ನೂ ಮಂಚಕ್ಕೆ ಮೆತ್ತನೆಯ ಪಟ್ಟಿಯಿಂದ ಕಟ್ಟಿದ್ದರು. ಮೀಯಿಸಲು, ಉಣಿಸಲು, ಹಿಡಿದು ನಡೆಸಲು ಏಜೆನ್ಸಿಯಿಂದ ರೇಷ್ಮಾ ಬರುತ್ತಿದ್ದಳು. ಎಲ್ಲವನ್ನೂ ಅಚ್ಚುಕಟ್ಟಾಗಿಯೇ ಮಾಡುತ್ತಿದ್ದಳು, ಮುದುಕಿ ಕೇಳಿದ್ದೊಂದನ್ನು ಬಿಟ್ಟು.

"ಮಾಳಿಗಿ ಮ್ಯಾಲ ಶ್ಯಾವಿಗಿ ಹೊಸ್ಯಾಕ ಹತ್ಯಾರ. ನನ್ನೂ ಒಯ್ಯಿರಿ," ಎಂದು ಅವ್ವ ದಿನವೂ ಗೋಗರೆಯುತ್ತಿದ್ದಳು.

"ಬಯಲಿಗೆ ಒಯ್ಯೂದು ನಮ್ಮ ಡ್ಯೂಟಿ ಅಲ್ರೀ ಅಕ್ಕಾರ," ಎಂದು ರೇಷ್ಮಾ ಶಿವಲೀಲಾಳಿಗೆ ಹೇಳುತ್ತಿದ್ದಳು. "ಮೊನ್ನೆ ಒಬ್ಬ ಅಜ್ಜಾರು ಕೈತಪ್ಪಿ ಹೋದ್ರು."

ಏಜೆನ್ಸಿಗೆ ಫೋನು ಮಾಡಿ ಮಾಡಿ ಶಿವಲೀಲಾ ಸೋತಳು. "ಸೇವೆ ಮನೆಯೊಳಗಷ್ಟೇ ಮೇಡಂ," ಎಂದು ಅವರದು ಅದೇ ರಾಗ. ಕಡೆಗೊಂದು ಬೆಳಿಗ್ಗೆ ತಲೆ ಕೆಟ್ಟು, ಕೆಲಸಕ್ಕೆ ರಜೆ ಹಾಕಿ, ಪಟ್ಟಿ ಬಿಚ್ಚಿದಳು. ಇಳಕಲ್ ಸೀರೆಯೊಂದನ್ನು ತಾಯಿಯ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ತನ್ನ ನಡುವಿಗೆ ಸುತ್ತಿಕೊಂಡು ಮಾಳಿಗೆ ಹತ್ತಿದಳು. ರೇಷ್ಮಾ ಬೇಡ ಬೇಡವೆನ್ನುತ್ತಲೇ ಹಿಂದೆ ಬಂದಳು.

ಬಿಸಿಲಿಗೆ ಬಂದದ್ದೇ ಅವ್ವ ಶ್ಯಾವಿಗೆ ಹೊಸೆಯುತ್ತಿದ್ದ ಹೆಂಗಸರ ತಲೆಯ ಮೇಲೆ ತೇಲಿದಳು. "ಏ ನೀಲವ್ವಾ, ಎಳಿ ಹಗ್ಗಧಂಗ ದಪ್ಪಾಗ್ಯಾವಲ್ಲ! ಬಾವಿಗೆ ಬಿಡಾಕಿ ಏನು?" ಎಂದು ನಕ್ಕಳು. ಆ ನಗು ಕೇಳಿ ಎಷ್ಟೋ ತಿಂಗಳಾಗಿತ್ತು. ಆಮೇಲೆ ಮಗಳತ್ತ ಬಾಗಿ, "ಇನ್ನೊಂದೀಟು ಬಿಡವಾ. ಕೆರಿ ಕಾಣತೈತೇನು ನೋಡ್ತೀನಿ," ಎಂದಳು.

ಗಾಳಿ ಬೀಸಿತು. ಶಿವಲೀಲಾಳ ಕೈ ತಾನಾಗಿಯೇ ಸೀರೆಯನ್ನು ಕೆಳಗೆ ಜಗ್ಗಿತು. "ಸಾಕವ್ವಾ, ಒಳಗ ನಡಿ."

ಅವ್ವ ಮುಖ ತಿರುಗಿಸಿದಳು. "ರೇಷ್ಮಾ ಪಗಾರಕ್ಕ ಕಟ್ಟತಾಳ. ನೀ ಯಾತಕ್ಕ ಕಟ್ಟತಿ?"