ಮೂರನೇ ಸಾಲಿನ ನಗು

ಟಿ.ವಿ.ಯ ದೀಪಾವಳಿ ವಿಶೇಷದ ಹಾಡು-ಹಾಸ್ಯಕ್ಕೆ ಹನ್ನೆರಡು ಮಂದಿ ತಾರೆಯರು ಬಂದು ಕುಣಿದರೂ ಎದುರಿಗೆ ಕೂತ ಪ್ರೇಕ್ಷಕರಲ್ಲಿ ಒಬ್ಬರೂ ನಗಲಿಲ್ಲ. ಬೇರೆ ದಾರಿ ಕಾಣದೆ ಸಂಕಲನಕಾರ ವಾಮನ, ಎರಡು ವರ್ಷದ ಹಿಂದಿನ ಕಾರ್ಯಕ್ರಮದ ಪ್ರೇಕ್ಷಕರು ನಗುವ ದೃಶ್ಯಗಳನ್ನೇ ತಂದು ನಡುನಡುವೆ ಅಂಟಿಸಿದ.

ಪ್ರಸಾರವಾಗುತ್ತಲೇ ಚಾನೆಲ್‌ಗೆ ಬೈಗುಳದ ಸುರಿಮಳೆಯಾಯಿತು. ಒಬ್ಬ ಹೆಂಗಸಂತೂ ಹಟ ಹಿಡಿದು ವಾಮನನನ್ನೇ ಫೋನಿಗೆ ಕರೆಸಿಕೊಂಡಳು.

"ಮೂರನೇ ಸಾಲಲ್ಲಿ ಹಸಿರು ಶರ್ಟು ಹಾಕ್ಕೊಂಡು ಬಿದ್ದುಬಿದ್ದು ನಗ್ತಿದ್ರಲ್ಲ, ಅವರು ನಮ್ಮ ಯಜಮಾನ್ರು. ಹೋದ ವರ್ಷ ತೀರ್ಕೊಂಡ್ರು."

ವಾಮನ ಕುರ್ಚಿಯಿಂದೆದ್ದು ನಿಂತ. "ತಪ್ಪಾಯ್ತಮ್ಮ. ಈ ಸಲ ಯಾರಿಗೂ ನಗು ಬರಲಿಲ್ಲ, ಅದಕ್ಕೇ ಹಳೇದನ್ನ ಹಾಕ್ದೆ. ಮರುಪ್ರಸಾರಕ್ಕೆ ಮುಂಚೆ ತೆಗೆದುಬಿಡ್ತೀನಿ."

"ಅಯ್ಯೋ, ತೆಗೀಬೇಡಿ ಸ್ವಾಮಿ! ಯುಗಾದಿಗೂ ಹೀಗೇ, ಯಾರಿಗೂ ನಗು ಬರದಂಥದ್ದನ್ನೇ ಮಾಡಿ."