ಕೊನೆಯ ಪಟ್ಟಿ

ಮರದ ಪಟ್ಟಿಗೆ ಪಟ್ಟಿ ಅಂಟಿಸಿ ಕಟ್ಟಿದ ದೋಣಿಯ ತಳದಲ್ಲಿ ಉಳಿದಿದ್ದು ಎಲೆಯಾಕಾರದ ಒಂದೇ ಸಂದು. ಅಳಿಯನ ಕೈಯಲ್ಲಿ ಉಳಿದಿದ್ದೂ ಒಂದೇ ಪಟ್ಟಿ. ಎರಡನ್ನು ಆಗಲೇ ಗಿಡ್ಡ ಕೊಯ್ದು ಹಾಳುಮಾಡಿದ್ದ. ಮೂರನೆಯದಕ್ಕೆ ಗರಗಸ ಇಡಲು ಧೈರ್ಯ ಸಾಲದಾಗಿತ್ತು.

ತಮ್ಮ ಹೊಲಿಗೆ ಕೋಣೆ ದೋಣಿಯ ಪಾಲಾದ ದಿನದಿಂದ ಅವನೊಂದಿಗೆ ಮಾತು ಬಿಟ್ಟಿದ್ದ ಅತ್ತೆ ಬಾಗಿಲಿಗೆ ಬಂದರು. "ಡೊಂಕು ಅಳತೆ ಟೇಪಿಗೆ ಸಿಗಲ್ಲ ಅಳಿಯಂದಿರೇ, ಸರ್ಕೊಳ್ಳಿ."

ಸಂದಿನ ಮೇಲೆ ಹಳೆ ಪೇಪರ್ ಹಾಸಿ, ಅಂಚಿನುದ್ದಕ್ಕೂ ಉಗುರಿನಿಂದ ತೀಡಿ, ಮೂಡಿದ ಗೆರೆಯಂತೆ ಕತ್ತರಿಸಿ ಪಟ್ಟಿಯ ಮೇಲಿಟ್ಟರು. "ಗೆರೆಯ ಹೊರಗೇ ಕೊಯ್ಯಿರಿ. ಜಾಸ್ತಿಯಾದ್ರೆ ಉಜ್ಜಬಹುದು, ಕಮ್ಮಿಯಾದ್ರೆ ತೇಪೆ ಹಾಕೋಕೆ ಇದೇನು ಲಂಗವಲ್ಲ."

ಅಳಿಯ ಹಾಗೆಯೇ ಕೊಯ್ದು ಅಂಚು ಉಜ್ಜಿದ. ಪಟ್ಟಿ ಸಂದಿನಲ್ಲಿ ಮೆಲ್ಲಗೆ ಕೂತಿತು. ಅತ್ತೆ ಬೆರಳಾಡಿಸಿದರು, ಎಲ್ಲೂ ತಡೆಯಲಿಲ್ಲ.

"ಎಷ್ಟು ಜನ ಕೂರಬಹುದು?"

"ಇಬ್ಬರು."

"ನನ್ನ ಮಗಳಿಗೆ ನೀರಂದ್ರೆ ಭಯ," ಎಂದರು ಅತ್ತೆ, ಅಂಟಿನ ಡಬ್ಬಿಯನ್ನು ಅವನತ್ತ ಸರಿಸುತ್ತಾ. "ನನಗಿಲ್ಲ."